ಕಡಲಾಚೆಯ ಕಾಯಕ

ವಿಜಯಪುರ ಸೀಮೆಗೆ ವಲಸೆ ಹೊಸತಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಗೋವೆಗೆ, ಮುಂಬಯಿಗೆ, ಕಬ್ಬು ಕಡಿಯಲು ಸಾಂಗಲಿ-ಕೊಲ್ಲಾಪುರಗಳ ಕಡೆಗೆ ಗುಳೆ ಹೋದ ಮನೆತನಗಳು ಇಲ್ಲಿ ಅನೇಕ. 1972ರ ಬರಗಾಲವನ್ನು ಕಂಡ ಹಿರಿಯರು ಆ ದಿನಗಳನ್ನು ನೆನೆದು ಇಂದಿಗೂ ನಿಟ್ಟುಸಿರಿಡುತ್ತಾರೆ. ಗುಳೆ ಹೋದವರು ಹದವಾದ ಮಳೆಯಾದೊಡನೆ ಮರಳಿ ಬರುತ್ತಿದ್ದರು. ಕಡಲು ದಾಟಿದವರ ಮಾತು ಬೇರೆ. ಎರಡು ವರ್ಷದ ಕರಾರಿಗೆ ಸಹಿ ಹಾಕಿ ಹೋದವನಿಗೆ ನಡುವೆ ತಾಯಿ ಹಾಸಿಗೆ ಹಿಡಿದರೂ ಬರುವುದು ಸುಲಭವಲ್ಲ.

ಈಗ ತಿಕೋಟಾ, ಬಬಲೇಶ್ವರಗಳು ತಾಲೂಕು ಕೇಂದ್ರಗಳಾಗಿವೆ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಈ ಭಾಗದ ಕೆರೆಗಳಿಗೆ ಮುಟ್ಟಿದೆ. ನೀರು ಬಂದ ಮೇಲೂ ಮಕ್ಕಳು ಪರದೇಶಕ್ಕೇಕೆ ಹೋಗಬೇಕು ಎಂದು ಕೇಳುವವರುಂಟು. ದ್ರಾಕ್ಷಿ ಬೆಳೆದವರಿಗೆ ಉತ್ತರ ಗೊತ್ತು. ಚಪ್ಪರದ ಕಂಬ-ತಂತಿ, ವರ್ಷಕ್ಕೆರಡು ಬಾರಿಯ ಚಾಟಣಿ, ಔಷಧ ಸಿಂಪರಣೆ, ಒಣದ್ರಾಕ್ಷಿಯ ಶೆಡ್ಡು, ಎಲ್ಲಕ್ಕೂ ಮೊದಲೇ ಹಣ ಸುರಿಯಬೇಕು. ಗೊನೆ ಮಾಗುವ ಹೊತ್ತಿಗೆ ಅಕಾಲ ಮಳೆ ಬಿದ್ದರೆ ಸಾಲವೇ ಉಳಿಯುತ್ತದೆ. ಹತ್ತೆಕರೆ ಹೊಲ ನಾಲ್ವರು ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮನೆಯಲ್ಲಿ ಒಬ್ಬ ಹೊರಗೆ ದುಡಿದರೆ ಉಳಿದವರ ಹೊಲ ಉಳಿದೀತು ಎಂಬ ಲೆಕ್ಕವೇ ಬಹುಮಟ್ಟಿಗೆ ವಿಮಾನ ಹತ್ತಿಸುತ್ತದೆ. ತಂಗಿಯ ಮದುವೆ, ಅರ್ಧಕ್ಕೆ ನಿಂತ ಮನೆ, ಬ್ಯಾಂಕಿನ ನೋಟೀಸು ಇವೂ ಜೊತೆಗಿರುತ್ತವೆ. ಆಸೆಬುರುಕತನ ಎಂದು ಇದನ್ನು ಹಳಿಯುವುದು ನ್ಯಾಯವಲ್ಲ.

ದೂರದೇಶದ ದುಡಿಮೆ ಶರಣ ಪರಂಪರೆಗೆ ಅಪರಿಚಿತವೂ ಅಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಮಂಗಳವೇಢೆಯಲ್ಲಿ ಕರಣಿಕರಾದರು. ಕಾಶ್ಮೀರದ ಅರಸನಾಗಿದ್ದ ಮೋಳಿಗೆಯ ಮಾರಯ್ಯ ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಜೀವಿಸಿದನೆಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ವಿಜಯಪುರವನ್ನೇ ಕರ್ಮಭೂಮಿಯಾಗಿ ಮಾಡಿಕೊಂಡ ಫ.ಗು. ಹಳಕಟ್ಟಿಯವರು ಕೂಡ ಧಾರವಾಡದಲ್ಲಿ ಹುಟ್ಟಿ, ವಕೀಲಿ ವೃತ್ತಿಗಾಗಿ ಇಲ್ಲಿಗೆ ಬಂದು ನೆಲೆಸಿದವರು.

ಹೊರಹೋಗುವವರಲ್ಲಿ ಎರಡು ಬಗೆ. ನಗರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು 1980ರಲ್ಲಿ, ವೈದ್ಯಕೀಯ ಕಾಲೇಜು 1986ರಲ್ಲಿ ಆರಂಭವಾದವು. ಇಂಥ ಓದು ಪಡೆದವರು ಬೆಂಗಳೂರು-ಪುಣೆಗಳ ಮೂಲಕ ಅಮೆರಿಕ, ಇಂಗ್ಲೆಂಡುಗಳಿಗೆ ಹೋಗುವ ದಾರಿ ತೆರೆಯಿತು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವು ಹೆಮ್ಮೆಪಟ್ಟೆವು. ಆದರೆ ಕೊಲ್ಲಿ ದೇಶಗಳಲ್ಲಿ ವಾಹನ ನಡೆಸುವ, ವೆಲ್ಡಿಂಗ್ ಮಾಡುವ, ಇಟ್ಟಿಗೆ ಹೊರುವ ನಮ್ಮ ಹುಡುಗರ ಸುದ್ದಿ ಸಮಾಜದ ಸಭೆಗಳಲ್ಲಿ ಕೇಳಿಬರುವುದು ಕಡಿಮೆ.

ಅವರ ದಿನಚರಿ ನಸುಕಿಗೆ ಆರಂಭ. ಒಂದೇ ಕೋಣೆಯಲ್ಲಿ ಮೇಲೊಂದು ಕೆಳಗೊಂದು ಮಂಚ, ಸ್ನಾನಕ್ಕೆ ಸರದಿ, ಬಳಿಕ ಕಂಪನಿಯ ಬಸ್ಸು. ಬಿಸಿಲು ನಮ್ಮ ಮೇ ತಿಂಗಳನ್ನೂ ಮೀರಿಸುವಂಥದು. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲು ಕೆಲಸವನ್ನು ನಿಷೇಧಿಸಿರುವುದೇ ಆ ಬಿಸಿಲಿಗೆ ಸಾಕ್ಷಿ. ಇಂಥ ಕೋಣೆಯಲ್ಲಿ ಇಷ್ಟಲಿಂಗ ಪೂಜೆ ನಡೆಯುವುದೆಂತು ಎಂದು ಮನೆಯ ಹಿರಿಯರು ಚಿಂತಿಸುವುದುಂಟು. ಗುಡಿಯನ್ನು ಬೇಡದ ಪೂಜೆ ನಮ್ಮದು. ಅಂಗೈಯಷ್ಟು ಸ್ಥಳ, ಉಳಿದವರು ಏಳುವ ಮೊದಲಿನ ಒಂದು ಗಳಿಗೆ ಸಾಕು. ವಿಭೂತಿ ಗಟ್ಟಿಯನ್ನು ತಾಯಂದಿರು ಚಟ್ನಿಪುಡಿಯ ಜೊತೆಗೇ ಕಟ್ಟಿ ಕಳಿಸುತ್ತಾರೆ.

ಕಷ್ಟ ಹೆಚ್ಚಾಗಿ ಹುಟ್ಟುವುದು ಹೊರಡುವ ಮೊದಲೇ. ಕಾವಲು ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ತರುಣರು ಯುದ್ಧಭೂಮಿಯಲ್ಲಿ ಸಿಲುಕಿದ ಸಂಗತಿ 2024ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂತು. ಅವರು ತಾಯ್ನೆಲ ಕಂಡದ್ದು ಸೆಪ್ಟೆಂಬರಿನಲ್ಲಿ. ಪ್ರವಾಸಿ ವೀಸಾದ ಮೇಲೆ ಕಳಿಸಿ, ‘ಅಲ್ಲಿ ಹೋದ ಮೇಲೆ ಬದಲಿಸಿದರಾಯಿತು’ ಎನ್ನುವ ದಲ್ಲಾಳಿಯನ್ನು ಬಾಗಿಲಲ್ಲೇ ತಡೆಯಬೇಕು. ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟ್ ಸರಕಾರದಲ್ಲಿ ನೋಂದಾಯಿಸಿರಲೇಬೇಕೆಂಬುದು 1983ರ ವಲಸೆ ಕಾಯ್ದೆಯ ಕಟ್ಟಳೆ. ಕೆಲಸಗಾರನಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಎರಡು-ಮೂರು ಲಕ್ಷ ಕೇಳುವವನಿಗೆ ಹೊಲ ಒತ್ತೆಯಿಟ್ಟು ಕೊಡುವ ಮೊದಲು ಈ ಅಂಕಿ ನೆನಪಿರಲಿ.

ಹತ್ತನೆಯ ತರಗತಿ ಪಾಸಾಗದವನು ಕೊಲ್ಲಿಯಂಥ ದೇಶಗಳಿಗೆ ದುಡಿಯಲು ಹೋಗುವಾಗ ಸಾಮಾನ್ಯವಾಗಿ ವಲಸೆ ಅನುಮತಿ ಪಡೆಯಬೇಕಾಗುತ್ತದೆ. ಅದು ತೊಡಕೆಂದು ತೋರಿದರೂ ರಕ್ಷಣೆಯೇ ಸರಿ: ಕರಾರು ಪರಿಶೀಲನೆಯಾಗುತ್ತದೆ, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯವಾಗುತ್ತದೆ. ಅಪಘಾತದಲ್ಲಿ ಮೃತನಾದರೆ ಅಥವಾ ಶಾಶ್ವತ ಅಂಗವಿಕಲನಾದರೆ 10 ಲಕ್ಷ ರೂಪಾಯಿಯ ವಿಮೆಯದು. ಕುವೈತಿನ ಮಂಗಾಫ್‌ನಲ್ಲಿ 2024ರ ಜೂನ್ 12ರಂದು ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು ನಲವತ್ತಕ್ಕೂ ಹೆಚ್ಚು ಭಾರತೀಯರು ಅಸುನೀಗಿದರು. ಅವರಲ್ಲಿ ಕಲಬುರಗಿ ಜಿಲ್ಲೆಯವರೂ ಒಬ್ಬರಿದ್ದರು.

ಕರಾರಿನಲ್ಲಿ ಒಟ್ಟು ಸಂಬಳಕ್ಕಿಂತ ಮೂಲ ವೇತನವನ್ನು ಮೊದಲು ನೋಡಬೇಕು. ದುಬೈಯಂಥ ಕಡೆ ಸೇವೆಯ ಕೊನೆಗೆ ಸಿಗುವ ಗ್ರ್ಯಾಚುಯಿಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದಂತೆ, ಲೆಕ್ಕವಾಗುವುದು ಮೂಲ ವೇತನದ ಮೇಲೆಯೇ. ಭತ್ಯೆಗಳನ್ನು ಹಿಗ್ಗಿಸಿ ಮೂಲವನ್ನು ಕುಗ್ಗಿಸಿದ ಕರಾರು ನೋಡಲು ಚೆಂದ, ಮರಳುವಾಗ ಬರಿಗೈ.

ಪಾಸ್‌ಪೋರ್ಟ್, ವೀಸಾ, ಕರಾರುಪತ್ರ, ವಿಮೆಯ ಪಾಲಿಸಿ, ಕಂಪನಿಯ ವಿಳಾಸ, ಇವುಗಳ ಪ್ರತಿ ಮನೆಯಲ್ಲೊಂದು ಇರಬೇಕು. ಅನೇಕ ಮನೆಗಳಲ್ಲಿ ಇವು ಅವನ ಮೊಬೈಲಿನಲ್ಲೇ ಉಳಿದು, ಆಪತ್ತಿನ ಹೊತ್ತಿಗೆ ಯಾರಿಗೂ ದೊರೆಯವು. ಹಣ ಯಾರ ಖಾತೆಗೆ ಬರಬೇಕೆಂಬುದನ್ನು ಹೊರಡುವ ಮುನ್ನವೇ ಗಂಡಹೆಂಡಿರು, ಅತ್ತೆಮಾವಂದಿರು ಕೂಡಿ ಕುಳಿತು ನಿಶ್ಚಯಿಸಿಕೊಳ್ಳುವುದು ಲೇಸು. ಎರಡು ವರ್ಷ ಹೊಲ, ದನಕರು, ಹಿರಿಯರ ಔಷಧ, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಳ್ಳುವವಳು ಸೊಸೆ. ಪ್ರತಿ ಸಲ ಭಾವಮೈದುನನ ಮುಂದೆ ಕೈಚಾಚಬೇಕಾದ ಸ್ಥಿತಿ ಅವಳಿಗೆ ಬರಬಾರದು.