ಟ್ರ್ಯಾಕಿಗೆ ಹೋಗುವ ಹುಡುಗರೇ, ಮೊದಲು ಟಯರ್ ಓದಲು ಕಲಿಯಿರಿ

ನಮ್ಮ ಕರಾವಳಿಯ ಹುಡುಗರಿಗೆ ಕಾರಿನ ಹುಚ್ಚು ಹೊಸತೇನಲ್ಲ. ಗಲ್ಫಿನಲ್ಲಿ ನಾಲ್ಕು ವರ್ಷ ದುಡಿದು ಬಂದವನು ಮೊದಲು ಮನೆಗೆ ಟೈಲ್ಸ್ ಹಾಕಿಸುತ್ತಾನೆ, ಆಮೇಲೆ ಕಾರು ನೋಡುತ್ತಾನೆ. ಹೊಸತೇನೆಂದರೆ, ಈಗ ಕೆಲವರು ಆ ಕಾರನ್ನು ಟ್ರ್ಯಾಕಿಗೆ ಒಯ್ಯುತ್ತಿದ್ದಾರೆ. ದುಬೈಯಲ್ಲಿರುವವರಿಗೆ ದುಬೈ ಆಟೋಡ್ರೋಮ್ ಉಂಟು, ಅಬುಧಾಬಿಯವರಿಗೆ ಯಾಸ್ ಮರೀನಾ. ಊರಿನಲ್ಲಿರುವವರು ಕಾಸರಗೋಡು, ಕೋಝಿಕ್ಕೋಡ್, ಪಾಲಕ್ಕಾಡ್ ದಾಟಿ ಹೋದರೆ ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಸಿಗುತ್ತದೆ. ಅದರ ಒಂದು ಸುತ್ತು 2.1 ಕಿ.ಮೀ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈಯದ್ದು 3.7 ಕಿ.ಮೀ. ಹಣ ಕಟ್ಟಿ, ಹೆಲ್ಮೆಟ್ ಹಾಕಿ, ಸ್ವಂತ ಕಾರನ್ನೇ ಅಲ್ಲಿ ಓಡಿಸುವುದಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರೆ. ರಾತ್ರಿ ಹನ್ನೆರಡಕ್ಕೆ ಹೆದ್ದಾರಿ 66ರಲ್ಲಿ ಸ್ಪೀಡು ನೋಡುವುದಕ್ಕಿಂತ ಇದು ಸಾವಿರ ಪಾಲು ಮೇಲು. ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ರಸ್ತೆ ದಾಟುವ ಮಕ್ಕಳಿಲ್ಲ. ಹೆತ್ತವರು ಇದಕ್ಕೆ ಬೈಯುವ ಅಗತ್ಯ ಇಲ್ಲ ಎಂದೇ ನಮ್ಮ ಅಭಿಪ್ರಾಯ.

ಚಿಂತೆ ಇರುವುದು ಬೇರೆ ಕಡೆ. ಟ್ರ್ಯಾಕಿಗೆಂದು ಕೊಂಡ ಟಯರನ್ನು ಹಾಗೆಯೇ ಊರಿಗೆ ತಂದು, ಜೂನ್ ಮಳೆಯಲ್ಲಿ ಉಮ್ಮನನ್ನೂ ತಂಗಿಯಂದಿರನ್ನೂ ಕೂರಿಸಿಕೊಂಡು ಮದುವೆಗೆ ಹೊರಡುವವರಿದ್ದಾರೆ. ಕೇಳಿದರೆ, "ಎಂತ ಉಸ್ತಾದ್, ಇದು ರೇಸಿನ ಟಯರ್, ಇದಕ್ಕಿಂತ ಗ್ರಿಪ್ ಯಾವುದಕ್ಕುಂಟು?" ಅನ್ನುತ್ತಾರೆ. ಮಾತು ಅರ್ಧ ನಿಜ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ ಜೀವಕ್ಕೆ ಅಪಾಯ.

ಕಾರು ಎಷ್ಟೇ ದೊಡ್ಡದಿರಲಿ, ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ನಾಲ್ಕು ಅಂಗೈಯಷ್ಟು ರಬ್ಬರ್ ಮಾತ್ರ. ಬ್ರೇಕ್ ಹಿಡಿಯುವುದು, ತಿರುಗುವುದು, ಮುಂದೆ ಹೋಗುವುದು ಎಲ್ಲ ಅದರ ಮೇಲೆಯೇ. ಎಂಜಿನಿಗೆ ಲಕ್ಷ ಸುರಿದರೂ ಅಷ್ಟು ರಬ್ಬರ್ ಸರಿ ಇಲ್ಲದಿದ್ದರೆ ಏನೂ ಇಲ್ಲ. ಇದಕ್ಕೆ ದೊಡ್ಡ ಉದಾಹರಣೆ 2005ರ ಅಮೆರಿಕನ್ ಗ್ರ್ಯಾಂಡ್ ಪ್ರಿ. ಇಂಡಿಯಾನಾಪೊಲಿಸ್ ಟ್ರ್ಯಾಕಿನ ಹದಿಮೂರನೇ ತಿರುವು ಓರೆಯಾಗಿ ಎತ್ತರಿಸಿದ್ದು, ಅಲ್ಲಿ ಟಯರಿನ ಮೇಲೆ ಬೀಳುವ ಭಾರ ವಿಪರೀತ. ಶುಕ್ರವಾರದ ಅಭ್ಯಾಸದಲ್ಲೇ ರಾಲ್ಫ್ ಶುಮಾಕರ್ ಕಾರಿನ ಹಿಂದಿನ ಎಡ ಟಯರ್ ಹೋಗಿ ಕಾರು ಗೋಡೆಗೆ ಹೊಡೆಯಿತು. ಈ ಟಯರ್ ಆ ತಿರುವಿನಲ್ಲಿ ಪೂರ್ತಿ ವೇಗಕ್ಕೆ ತಡೆಯದು ಎಂದು ಮಿಶೆಲಿನ್ ಕಂಪೆನಿಯೇ ತನ್ನ ತಂಡಗಳಿಗೆ ಹೇಳಿತು. ಭಾನುವಾರ ಸಾಲಾಗಿ ಹೊರಟ 20 ಕಾರುಗಳಲ್ಲಿ ಮಿಶೆಲಿನ್ ಹಾಕಿದ 14 ಕಾರುಗಳು ರೇಸ್ ಶುರುವಾಗುವ ಮೊದಲೇ ಒಳಗೆ ಬಂದು ನಿಂತವು. ಬ್ರಿಜ್‌ಸ್ಟೋನ್ ಹಾಕಿದ ಆರು ಕಾರು ಮಾತ್ರ ಓಡಿದವು. ಅದರಲ್ಲಿ ನಾಲ್ಕನೆಯವರಾಗಿ ಬಂದು, ಫಾರ್ಮುಲಾ ಒನ್‌ನಲ್ಲಿ ಪಾಯಿಂಟ್ ಗಳಿಸಿದ ಮೊದಲ ಭಾರತೀಯರಾದವರು ಕೊಯಮತ್ತೂರಿನ ಊರಿನವರೇ, ನಾರಾಯಣ್ ಕಾರ್ತಿಕೇಯನ್. ಕೋಟಿಗಟ್ಟಲೆ ಖರ್ಚು ಮಾಡುವ ತಂಡಗಳೇ ಟಯರ್ ಬೇಡ ಎಂದಾಗ ನಿಲ್ಲಿಸುತ್ತವೆ. ನಮ್ಮ ಹುಡುಗರು ಮಾತ್ರ "ನೋಡುವ, ಏನಾಗುತ್ತದೆ" ಎನ್ನುತ್ತಾರೆ!

ಟಯರಿನ ಬದಿಯಲ್ಲಿ ಬರೆದದ್ದನ್ನು ಓದುವವರು ಕಡಿಮೆ. ಅಂಗಡಿಯವರು ಹಾಕಿದ್ದೇ ಟಯರ್ ಆಗಿಬಿಟ್ಟಿದೆ. 185/65 ಆರ್ 15 88 ಹೆಚ್ ಎಂದು ಇದ್ದರೆ, ಅಗಲ 185 ಮಿಲಿಮೀಟರ್, ಬದಿಯ ಎತ್ತರ ಆ ಅಗಲದ ನೂರಕ್ಕೆ 65, ರಿಮ್ 15 ಇಂಚು. 88 ಅಂದರೆ ಒಂದು ಟಯರ್ 560 ಕಿಲೋ ಹೊರಬಲ್ಲದು. ಹೆಚ್ ಅಂದರೆ ಗಂಟೆಗೆ 210 ಕಿ.ಮೀ. ವರೆಗಿನ ವೇಗಕ್ಕೆ ತಯಾರಾದದ್ದು. ಟಿ ಇದ್ದರೆ 190, ವಿ ಇದ್ದರೆ 240. ಇನ್ನೊಂದು ಕಡೆ ಸಣ್ಣ ಅಂಡಾಕಾರದೊಳಗೆ ನಾಲ್ಕು ಅಂಕಿ ಇರುತ್ತದೆ. 3221 ಎಂದಿದ್ದರೆ 2021ನೇ ಇಸವಿಯ 32ನೇ ವಾರ ತಯಾರಾದದ್ದು. ಟಯರ್ ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದನ್ನು ನೋಡಬೇಕು.

ಇಷ್ಟು ಓದಲು ಬಂದರೆ ದೊಡ್ಡ ಒಂದು ಪೇಚು ತಪ್ಪುತ್ತದೆ. ಟ್ರ್ಯಾಕಿನವರು ತುಂಬ ಹಾಕುವ ಅಳತೆ 195/50 ಆರ್ 15. ರಿಮ್ ಅದೇ 15 ಇಂಚು, ಕೂತುಕೊಳ್ಳುತ್ತದೆ, ಅಗಲವೂ ಹೆಚ್ಚು. ಆದರೆ ಲೆಕ್ಕ ಹಾಕಿ ನೋಡಿ. ಮೊದಲಿನ ಟಯರಿನ ಒಟ್ಟು ಎತ್ತರ ಸುಮಾರು 621 ಮಿಲಿಮೀಟರ್, ಇದರದ್ದು 576. ಕಾರು ನೆಲಕ್ಕೆ ಎರಡು ಸೆಂಟಿಮೀಟರಿಗೂ ಹೆಚ್ಚು ಹತ್ತಿರ ಬರುತ್ತದೆ. ಟ್ರ್ಯಾಕಿನಲ್ಲಿ ಅದು ಒಳ್ಳೆಯದೇ, ನಮ್ಮ ಓಣಿಯ ಹಂಪಿಗೆ ಅಲ್ಲ. ಮೀಟರ್ 100 ಕಿ.ಮೀ. ಬದಲು ಸುಮಾರು 108 ತೋರಿಸುತ್ತದೆ. ಭಾರ ಹೊರುವ ನಂಬರ್ ಸಾಮಾನ್ಯವಾಗಿ 82, ಅಂದರೆ 475 ಕಿಲೋ, ಒಂದೊಂದು ಚಕ್ರಕ್ಕೆ 85 ಕಿಲೋ ಕಮ್ಮಿ. ಒಬ್ಬನೇ ಕೂತು ಹತ್ತು ಸುತ್ತು ಹೊಡೆಯುವವನಿಗೆ ಅದು ಸಾಕು. ಐದು ಜನ ಕೂತು, ಡಿಕ್ಕಿ ತುಂಬಿಸಿ ಶಿರಾಡಿ ಘಾಟಿ ಹತ್ತುವವನ ಲೆಕ್ಕವೇ ಬೇರೆ.

ಇನ್ನು ರಬ್ಬರಿನ ವಿಷಯ. ಬದಿಯಲ್ಲಿ ಟ್ರೆಡ್‌ವೇರ್ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ಇದು ಅಮೆರಿಕದ ಪದ್ಧತಿ. 100 ಎಂಬುದನ್ನು ಅಳತೆಗೋಲಾಗಿ ಇಟ್ಟು, ಎಷ್ಟು ಬೇಗ ಸವೆಯುತ್ತದೆ ಎಂದು ಹೇಳುವುದು. ಮನೆಬಳಕೆಯ ಟಯರುಗಳಲ್ಲಿ 300, 400, ಅದಕ್ಕೂ ಮೇಲೆ ಇರುತ್ತದೆ. ರಸ್ತೆಗೆಂದೇ ಮಾಡಿದ ಒಳ್ಳೆಯ ಸ್ಪೋರ್ಟ್ಸ್ ಟಯರ್ ಮಿಶೆಲಿನ್ ಪೈಲಟ್ ಸ್ಪೋರ್ಟ್ 4ರಲ್ಲಿ 320. ಹವ್ಯಾಸಿ ರೇಸಿನವರ ಪ್ರೀತಿಯ ಯೋಕೊಹಾಮಾ ಎ052ರಲ್ಲಿ 200. ಟೋಯೋ ಆರ್888ಆರ್‌ನಲ್ಲಿ 100. ಸಂಖ್ಯೆ ಇಳಿದಷ್ಟು ರಬ್ಬರ್ ಮೆತ್ತಗೆ, ಹಿಡಿತ ಜಾಸ್ತಿ, ಆಯುಸ್ಸು ಕಡಿಮೆ. ಆದರೆ ಈ ಸಂಖ್ಯೆಯನ್ನು ಕೊಡುವುದು ಆಯಾ ಕಂಪೆನಿಯೇ. ಹಾಗಾಗಿ 200 ಎಂದು ಬರೆದ ಎರಡು ಕಂಪೆನಿಯ ಟಯರುಗಳು ಒಂದೇ ತರ ಇರಬೇಕೆಂದಿಲ್ಲ. ಒಬ್ಬನದ್ದು ಮೂರು ಟ್ರ್ಯಾಕ್ ಡೇಗೆ ಮುಗಿದರೆ ಇನ್ನೊಬ್ಬನದ್ದು ವರ್ಷ ಬಂದೀತು.

ಹಾಗಾದರೆ ಮೊದಲ ಸಲ ಹೋಗುವವನು ಯಾವುದು ಕೊಳ್ಳಬೇಕು? ಯಾವುದೂ ಬೇಡ. ಈಗ ಕಾರಿನಲ್ಲಿರುವ ಟಯರ್ ಹಳೆಯದಲ್ಲದಿದ್ದರೆ, ಬದಿಯಲ್ಲಿ ಉಬ್ಬು ಬಿರುಕು ಇಲ್ಲದಿದ್ದರೆ ಅದರಲ್ಲೇ ಹೋಗಲಿ. ಆ ಹಣದಲ್ಲಿ ಹೊಸ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಹಾಕಿಸಲಿ. ಸಾಧಾರಣ ಟಯರ್ ತಿರುವಿನಲ್ಲಿ ಜಾರುವ ಮೊದಲು ಕಿರುಚುತ್ತದೆ, ನಿಧಾನವಾಗಿ ಜಾರುತ್ತದೆ, ಚಾಲಕನಿಗೆ ಕಲಿಯಲು ಸಮಯ ಕೊಡುತ್ತದೆ. ಅಂಟು ಟಯರ್ ಬಹಳ ಹೊತ್ತು ಸುಮ್ಮನಿದ್ದು ಬಿಡುವಾಗ ಒಮ್ಮೆಲೇ ಬಿಡುತ್ತದೆ, ಅದೂ ಹೆಚ್ಚು ವೇಗದಲ್ಲಿ. ಅಂಟು ಟಯರ್ ಹಾಕಿ ಮೊದಲ ದಿನವೇ ಒಳ್ಳೆಯ ಟೈಮ್ ಮಾಡಿದವನು ತನಗೆ ಡ್ರೈವಿಂಗ್ ಬಂತು ಎಂದುಕೊಳ್ಳುತ್ತಾನೆ. ಬಂದದ್ದು ಟಯರಿಗೆ.

ಈಗ ಗಾಳಿ. ಟ್ರ್ಯಾಕಿನಲ್ಲಿ ಹೆಚ್ಚಿನ ಕೆಲಸ ಇದರದ್ದೇ, ಅದಕ್ಕೆ ಬೇಕಾದ ಖರ್ಚು ಒಂದು ಒಳ್ಳೆಯ ಗೇಜಿನದ್ದು ಮಾತ್ರ. ಪೆಟ್ರೋಲ್ ಬಂಕಿನ ಮೀಟರ್ ಒಂದೊಂದು ಕಡೆ ಒಂದೊಂದು ಹೇಳುತ್ತದೆ. ಸ್ವಂತ ಗೇಜ್ ಸ್ವಲ್ಪ ಹೆಚ್ಚುಕಡಿಮೆ ತೋರಿಸಿದರೂ ಪ್ರತಿ ಸಲ ಅಷ್ಟೇ ಹೆಚ್ಚುಕಡಿಮೆ ತೋರಿಸುತ್ತದೆ, ಅದು ಸಾಕು.

ಟಯರ್ ಬಿಸಿಯಾದರೆ ಒಳಗಿನ ಗಾಳಿ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಐದಾರು ಡಿಗ್ರಿ ಬಿಸಿ ಏರಿದರೆ ಸುಮಾರು ಒಂದು ಪೌಂಡ್ ಎಂದು ಲೆಕ್ಕ. ಬೆಳಿಗ್ಗೆ 30 ಡಿಗ್ರಿಯಲ್ಲಿ 30 ಪೌಂಡ್ ಹಾಕಿದ ಟಯರ್, ಟ್ರ್ಯಾಕಿನಲ್ಲಿ ಒಳಗಿನ ಗಾಳಿ 80 ಡಿಗ್ರಿಗೆ ಹೋದರೆ 37 ಪೌಂಡ್ ದಾಟುತ್ತದೆ. ಅದಕ್ಕೇ ಟ್ರ್ಯಾಕಿನವರು ತಣ್ಣಗಿನ ಲೆಕ್ಕವನ್ನು ನಂಬುವುದಿಲ್ಲ, ಬಿಸಿಯ ಲೆಕ್ಕವನ್ನು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಹೆಚ್ಚಾಗಿರುವ ಮುಂದಿನ ಚಕ್ರ ಎಳೆಯುವ ಸಣ್ಣ ಕಾರಿಗೆ, ಬಿಸಿಯಲ್ಲಿ ಮುಂದಿನ ಟಯರ್ 34ರಿಂದ 38ರ ಒಳಗೆ ಇರುವಂತೆ ಶುರು ಮಾಡಬಹುದು. ಟಯರ್ ಕಂಪೆನಿಯವರು ಬೇರೆ ಹೇಳಿದ್ದರೆ ಅದೇ ಸರಿ. ನಾಲ್ಕೈದು ಸುತ್ತು ಹೋಗಿ ಬಂದ ತಕ್ಷಣ, ಚಹಾ ಕುಡಿಯಲು ಹೋಗುವ ಮೊದಲು ಗೇಜ್ ಇಡಬೇಕು. ಹತ್ತು ನಿಮಿಷ ಬಿಟ್ಟು ನೋಡಿದ್ದು ಲೆಕ್ಕಕ್ಕಿಲ್ಲ. ಹೆಚ್ಚಿದ್ದರೆ ಬಿಡಬೇಕು. ನಾಲ್ಕು ಟಯರಿನ ನಾಲ್ಕು ಸಂಖ್ಯೆಯನ್ನೂ ಪುಸ್ತಕದಲ್ಲಿ ಬರೆಯಬೇಕು. ಎರಡು ಸಲ ಹೋಗಿ ಬಂದರೆ ಆ ಪುಸ್ತಕದಷ್ಟು ಚೆನ್ನಾಗಿ ಯಾವ ಮೆಕ್ಯಾನಿಕ್ಕೂ ಹೇಳಲಾರ. ಬಲಕ್ಕೆ ಹೆಚ್ಚು ತಿರುವಿರುವ ಟ್ರ್ಯಾಕಿನಲ್ಲಿ ಎಡಗಡೆಯ ಟಯರಿಗೆ ಭಾರ ಹೆಚ್ಚು, ಅದು ಬೇಗ ಬಿಸಿಯಾಗುತ್ತದೆ. ಹಾಗಾಗಿ ಎಡ ಬಲ ಒಂದೇ ಸಂಖ್ಯೆ ಬರದಿದ್ದರೆ ಹೆದರಬೇಕಿಲ್ಲ.

ಗಾಳಿ ಕಮ್ಮಿಯಾಯಿತೋ ಎಂದು ತಿಳಿಯಲು ಹಳೆಯ ಉಪಾಯವೊಂದಿದೆ. ಟಯರಿನ ಅಂಚಿನಿಂದ ಬದಿಯವರೆಗೆ ಸೀಮೆಸುಣ್ಣದಲ್ಲಿ ಮೂರು ಕಡೆ ಗೆರೆ ಎಳೆದು ಹೋಗಿ ಬನ್ನಿ. ಗೆರೆ ಅಂಚು ದಾಟಿ ಬದಿಯವರೆಗೂ ಅಳಿಸಿದ್ದರೆ ಟಯರ್ ಮಡಚಿ ಬದಿಯ ಮೇಲೆ ಓಡಿದೆ ಎಂದರ್ಥ, ಗಾಳಿ ಬೇಕು. ಅಂಚಿನ ತನಕವೂ ಬಾರದಿದ್ದರೆ ಗಾಳಿ ಹೆಚ್ಚು. ಶಾಲೆಯ ಚಾಕ್ ಸಾಕು! ಹೊರಗಿನ ಅಂಚು ಮಾತ್ರ ತಿಂದುಹೋಗುತ್ತಿದ್ದರೆ ಅದು ಗಾಳಿಯಿಂದ ಸರಿಯಾಗುವುದಿಲ್ಲ, ಅಲೈನ್‌ಮೆಂಟಿನವರ ಹತ್ತಿರ ಕ್ಯಾಂಬರ್ ಕೇಳಬೇಕು. ನೈಟ್ರೋಜನ್ ಬಗ್ಗೆ ತುಂಬ ಮಂದಿ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್. ಲಾಭ ಇರುವುದು ಅದರಲ್ಲಿ ನೀರಿನ ಪಸೆ ಇಲ್ಲ ಎಂಬುದರಲ್ಲಿ. ಹವ್ಯಾಸಿಗೆ ಅದಕ್ಕಾಗಿ ಓಡಾಡುವ ಅಗತ್ಯ ಇಲ್ಲ.

ಸೆಷನ್ ಮುಗಿಯುವಾಗ ಕೊನೆಯ ಸುತ್ತನ್ನು ನಿಧಾನವಾಗಿ ಹೋಗಿ ಟಯರ್, ಬ್ರೇಕ್ ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯದೆ ಗೇರಿನಲ್ಲಿ ಬಿಡಿ. ಚಕ್ರದ ನಟ್ಟುಗಳನ್ನು ಬೆಳಿಗ್ಗೆ, ಮಧ್ಯಾಹ್ನ ಎರಡು ಸಲವಾದರೂ ನೋಡಿ.

ಸೆಕೆಂಡ್ ಹ್ಯಾಂಡ್ ಟಯರಿನ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. "ಥ್ರೆಡ್ ಮುಕ್ಕಾಲು ಉಂಟು, ಅರ್ಧ ರೇಟು" ಎಂದು ಟ್ರ್ಯಾಕಿನಲ್ಲಿ ಓಡಿದ ಟಯರ್ ಕೈ ಬದಲಾಗುತ್ತದೆ. ಮೆತ್ತಗಿನ ರಬ್ಬರ್ ಒಮ್ಮೆ ಚೆನ್ನಾಗಿ ಕಾದು ತಣಿದಾಗಲೆಲ್ಲ ಸ್ವಲ್ಪ ಗಡುಸಾಗುತ್ತದೆ. ಹತ್ತಿಪ್ಪತ್ತು ಸಲ ಆದ ಮೇಲೆ ಥ್ರೆಡ್ ಕಣ್ಣಿಗೆ ಕಾಣುತ್ತದೆ, ಹಿಡಿತ ಇರುವುದಿಲ್ಲ. ರೇಸಿನವನು ಅದನ್ನು ಮಾರುವುದೇ ಆ ಕಾರಣಕ್ಕೆ. ಉಗುರು ಒತ್ತಿ ನೋಡುವುದರಿಂದ ಇದೆಲ್ಲ ಗೊತ್ತಾಗುವುದಿಲ್ಲ. ತಯಾರಾದ ವಾರ ನೋಡಿ, ಎಷ್ಟು ಟ್ರ್ಯಾಕ್ ಡೇ ಓಡಿದೆ ಕೇಳಿ, ಉತ್ತರ ಸರಿ ಬಾರದಿದ್ದರೆ ಎದ್ದು ಬನ್ನಿ.

ಮಳೆಯ ಮಾತಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ರಸ್ತೆಯ ಟಯರಿನಲ್ಲಿ ಆಳವಾದ ಗೀರುಗಳಿರುವುದು ಚಂದಕ್ಕಲ್ಲ, ಚಕ್ರದ ಅಡಿಯ ನೀರನ್ನು ಹೊರಗೆ ತಳ್ಳಲು. 100ರ ಆಸುಪಾಸಿನ ಸೆಮಿ ಸ್ಲಿಕ್ ಟಯರಿನಲ್ಲಿ ಗೀರು ಕಡಿಮೆ, ಆಳವೂ ಕಡಿಮೆ. ರಬ್ಬರ್ ಹೆಚ್ಚಿದ್ದಷ್ಟು ಒಣ ಟ್ರ್ಯಾಕಿನಲ್ಲಿ ಹಿಡಿತ ಹೆಚ್ಚು, ಅದಕ್ಕಾಗಿಯೇ ಹಾಗೆ ಮಾಡುವುದು. ನೀರು ನಿಂತ ರಸ್ತೆಯಲ್ಲಿ ಅದೇ ಟಯರ್ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ತನ್ನ ಪಾಡಿಗೆ ಹೋಗುತ್ತದೆ. ಮೇಲಿಂದ, ಈ ರಬ್ಬರ್ ಚೆನ್ನಾಗಿ ಹಿಡಿಯಬೇಕಾದರೆ ಕಾದಿರಬೇಕು. ಮಳೆಯ ರಸ್ತೆಯಲ್ಲಿ ಮದುವೆಗೆ ಹೋಗುವ ವೇಗದಲ್ಲಿ ಅದು ಕಾಯುವುದೇ ಇಲ್ಲ. ಟಯರಿನ ಗೀರುಗಳ ನಡುವೆ 1.6 ಮಿಲಿಮೀಟರ್ ಎತ್ತರದ ಸಣ್ಣ ದಿಣ್ಣೆ ಇರುತ್ತದೆ, ರಬ್ಬರ್ ಅದಕ್ಕೆ ಸಮವಾದರೆ ಟಯರ್ ಮುಗಿಯಿತು. ನಮ್ಮ ಮಳೆಗೆ ಅಷ್ಟರ ತನಕ ಕಾಯುವುದೂ ಸರಿಯಲ್ಲ.

ಗಾಳಿಯ ಲೆಕ್ಕ ಮನೆಗೆ ಬರುವ ದಾರಿಯಲ್ಲೂ ಕೈ ಕೊಡುತ್ತದೆ. ಬಿಸಿಯಲ್ಲಿ 37 ಇದ್ದದ್ದನ್ನು 34ಕ್ಕೆ ಇಳಿಸಿದಿರಿ ಎಂದಿಟ್ಟುಕೊಳ್ಳಿ. ಸಂಜೆ ಟಯರ್ ತಣಿದಾಗ ಅದು 27ರ ಹತ್ತಿರ ಇರುತ್ತದೆ. ದಣಿದ ಹುಡುಗ, ಸಾಮಾನು ತುಂಬಿದ ಕಾರು, ರಾತ್ರಿಯಿಡೀ ಹೆದ್ದಾರಿ, ಗಾಳಿ ಕಮ್ಮಿ ಇರುವ ಟಯರ್. ಕಮ್ಮಿ ಗಾಳಿಯಲ್ಲಿ ಬದಿ ಮಡಚಿ ಮಡಚಿ ಕಾದು ಒಡೆಯುವುದು ಹೀಗೆಯೇ. ಹಾಗಾಗಿ ಟ್ರ್ಯಾಕಿನ ಗೇಟು ದಾಟುವ ಮೊದಲು, ಟಯರ್ ಕೈಗೆ ತಣ್ಣಗೆ ಹತ್ತಿದ ಮೇಲೆ, ಡ್ರೈವರ್ ಬಾಗಿಲಿನ ಚೌಕಟ್ಟಿನಲ್ಲಿ ಕಂಪೆನಿ ಅಂಟಿಸಿದ ಚೀಟಿಯಲ್ಲಿರುವಷ್ಟು ಗಾಳಿ ಮತ್ತೆ ತುಂಬಬೇಕು. ಸಿಗರೇಟು ಲೈಟರಿಗೆ ಹಾಕುವ ಸಣ್ಣ ಪಂಪು ಇದಕ್ಕೆ ಸಾಕು.

ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವವರಾದರೆ ಇನ್ನೊಂದು ಜೊತೆ ರಿಮ್ ಕೊಂಡು ಟ್ರ್ಯಾಕಿನ ಟಯರನ್ನು ಅದರಲ್ಲೇ ಇಡುವುದು ಒಳ್ಳೆಯದು. ಸಣ್ಣ ಕಾರಿನಲ್ಲೂ ಹಿಂದಿನ ಸೀಟು ಮಡಚಿದರೆ ನಾಲ್ಕು ಚಕ್ರ ಹಿಡಿಯುತ್ತದೆ. ಹಗ್ಗ ಹಾಕಿ ಬಿಗಿಯಾಗಿ ಕಟ್ಟಿ. ಟ್ರ್ಯಾಕಿನಲ್ಲಿ ಜಾಕ್ ಏರಿಸಿ ಬದಲಾಯಿಸಲು ಇಬ್ಬರಿಗೆ ಅರ್ಧ ಗಂಟೆಯ ಕೆಲಸ. ಊರಿಗೆ ತಂದ ಮೇಲೆ ಬಿಸಿಲು ಬೀಳದ ಕಡೆ ಒಂದರ ಮೇಲೊಂದು ಇಟ್ಟು ಮುಚ್ಚಿಡಿ. ಯಾವುದು ಮುಂದಿನ ಎಡ, ಯಾವುದು ಹಿಂದಿನ ಬಲ ಎಂದು ಅದೇ ಸೀಮೆಸುಣ್ಣದಲ್ಲಿ ಬರೆದಿಡಿ.