ಸೂಜಿಯ ಕಣ್ಣು ಕಲಿಸಿದ ಪಾಠ

ದಿನದ ಕಾಯಕ ಮುಗಿದ ಮೇಲೆ ಫಲಾಪೇಕ್ಷೆಯಿಲ್ಲದೆ ಕೈಗೆತ್ತಿಕೊಳ್ಳುವ ಹವ್ಯಾಸವೊಂದು ಮನಸ್ಸಿನ ಭಾರವನ್ನು ಇಳಿಸುತ್ತದೆ, ಬೆರಳಿಗೂ ಬುದ್ಧಿಗೂ ವ್ಯಾಯಾಮ ನೀಡುತ್ತದೆ. ಹವ್ಯಾಸದ ಈ ಗುಣವನ್ನು ನಾವೆಲ್ಲ ಬಲ್ಲೆವು. ಆದರೆ ಆ ಹವ್ಯಾಸವನ್ನು ಹೊತ್ತು ನಡೆಸುವ ಶರೀರದ ಕಡೆಗೆ ನಮ್ಮ ಗಮನ ಹರಿಯುವುದು ಕಡಿಮೆ. ಈ ಸಂಗತಿ ನನಗೆ ಮನದಟ್ಟಾದದ್ದು ನಮ್ಮ ಆರು ಮಂದಿ ಪದವಿ ವಿದ್ಯಾರ್ಥಿಗಳು 6,000 ರೂಪಾಯಿಗಳಲ್ಲಿ ತಯಾರಿಸಿದ 12 ನಿಮಿಷಗಳ ಕಿರುಚಿತ್ರವೊಂದರಿಂದ. ಅವರ ಮಾರ್ಗದರ್ಶಕನಾಗಿ ನಾನೂ ಕಲಿತದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ವಿಷಯದ ಆಯ್ಕೆ

ಯಾರಾದರೊಬ್ಬರ ಹವ್ಯಾಸವನ್ನು ಕುರಿತು ಕಿರುಚಿತ್ರ ತಯಾರಿಸಬೇಕೆಂಬುದು ವಿದ್ಯಾರ್ಥಿಗಳಿಗೆ ಕೊಟ್ಟ ಪ್ರಾಜೆಕ್ಟ್. ಬೆಟ್ಟ ಹತ್ತುವವರು, ಬೈಕಿನಲ್ಲಿ ದೇಶ ಸುತ್ತುವವರು ಮೊದಲು ಅವರ ಕಣ್ಣಿಗೆ ಬಿದ್ದರು. ಖರ್ಚಿನ ಲೆಕ್ಕ ಹಾಕಿದಾಗ ಉತ್ಸಾಹ ಇಳಿಯಿತು. ಆಗ ವಿದ್ಯಾರ್ಥಿನಿಯೊಬ್ಬಳು, ಧಾರವಾಡದಲ್ಲಿರುವ ತನ್ನ ಅಜ್ಜಿ ಐವತ್ತು ವರ್ಷಗಳಿಂದ ಕಸೂತಿ ಹಾಕುತ್ತಿರುವುದನ್ನು ನೆನಪಿಸಿದಳು. ಆ ತಾಯಿಗೆ ಈಗ 71 ವರ್ಷ. ಅವರ ಅನುಮತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬೇಡವೆಂದಿದ್ದಾರೆ.

ಕಸೂತಿಯ ವೈಶಿಷ್ಟ್ಯವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ನೇಯ್ದ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸುತ್ತ ಸೂಜಿ ಸಾಗಬೇಕು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ಕಮಲಗಳು ಅರಳುತ್ತವೆ. ಗವಂತಿ ಮತ್ತು ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಮೈ ಒಂದೇ ತೆರನಾಗಿ ಕಾಣಬೇಕು, ಗಂಟು ಹಾಕುವಂತಿಲ್ಲ. ಕಪ್ಪು ಬಣ್ಣದ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವುದಂತೂ ಕಣ್ಣಿಗೆ ದೊಡ್ಡ ಪರೀಕ್ಷೆ. ಕಪ್ಪಿನ ಮೇಲೆ ಕಪ್ಪು ಎಳೆಗಳನ್ನು ಎಣಿಸಬೇಕಲ್ಲವೇ?

ಹಣದ ಕೊರತೆ, ಅದರ ಪಾಠ

ಕ್ಯಾಮೆರಾ ಎಂದರೆ ವಿದ್ಯಾರ್ಥಿಯೊಬ್ಬನ ಮೊಬೈಲ್. ಅದನ್ನು ನಿಲ್ಲಿಸುವ ಮುಕ್ಕಾಲಿ ಎರವಲು ತಂದದ್ದು. ಕೊರಳ ಪಟ್ಟಿಗೆ ಸಿಕ್ಕಿಸುವ ಚಿಕ್ಕ ಮೈಕ್ ಕೊಂಡದ್ದು, ಎಲ್‌ಇಡಿ ದೀಪ ಬಾಡಿಗೆಗೆ ಪಡೆದದ್ದು. ಉಳಿದ ಹಣವೆಲ್ಲ ಬಸ್ಸಿಗೆ ಮತ್ತು ಊಟಕ್ಕೆ.

ಮೊದಲ ದಿನ ಮನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಚಿತ್ರೀಕರಿಸಿದಾಗ ದೃಶ್ಯದಲ್ಲಿ ಕಪ್ಪು ಪಟ್ಟೆಗಳು ಓಡಾಡಿದವು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಹಳೆಯ ಬಗೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಕಾಣದ ಈ ಮಿನುಗು ಕ್ಯಾಮೆರಾಕ್ಕೆ ಕಾಣುತ್ತದೆ. ಕೊನೆಗೆ ಕಿಟಕಿಯ ಬಳಿ ಚಾಪೆ ಹಾಸಿದೆವು. ಫ್ಯಾನಿನ ಸದ್ದಿನಲ್ಲಿ ಮಾತು ಕೇಳಿಸದೆಂದು ಫ್ಯಾನು ನಿಲ್ಲಿಸಿದೆವು. ಏಪ್ರಿಲ್ ತಿಂಗಳ ಧಗೆಯಲ್ಲಿ ಆ ತಾಯಿ ಸೆರಗಿನಿಂದ ಬೆವರೊರೆಸುತ್ತ ಕುಳಿತಿದ್ದರು. ನಮಗೆ ದೃಶ್ಯದ ಚಿಂತೆ. ಅವರ ದೇಹದ ಚಿಂತೆ ನಮ್ಮಲ್ಲೊಬ್ಬರಿಗೂ ಬರಲಿಲ್ಲ.

ಕ್ಯಾಮೆರಾ ಕಂಡದ್ದು

ಸೂಜಿಗೆ ದಾರ ಪೋಣಿಸುವ ದೃಶ್ಯವನ್ನು ತೀರ ಹತ್ತಿರದಿಂದ ಸೆರೆಹಿಡಿಯಬೇಕಾಗಿತ್ತು. ಒಂದು ಸಲ, ಎರಡು ಸಲ, ಒಂಬತ್ತು ಸಲವಾದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. “ಬೆರಳು ನಡಗ್ತಾವ್ರಿ ಸರ್, ಸಿಟ್ಟಾಗಬ್ಯಾಡ್ರಿ” ಎಂದು ಅವರೇ ನಮ್ಮಲ್ಲಿ ಕ್ಷಮೆ ಕೇಳಿದರು. ಬೆಳಕು ಸಾಲದೆಂದು ದೀಪವನ್ನು ಮುಖದ ಸಮೀಪಕ್ಕೆ ತಂದಾಗ ಮುಖ ತಿರುಗಿಸಿದರು. “ಇನ್ನೊಂದು ಸಲ ನೋಡೋಣ” ಎಂದವನು ನಾನೇ. ಈಗಲೂ ಆ ಮಾತು ನನ್ನನ್ನು ಚುಚ್ಚುತ್ತದೆ.

ಸಂಜೆ ಚಿತ್ರೀಕರಣವನ್ನು ಮೊಬೈಲಿನಲ್ಲಿ ಮರಳಿ ನೋಡುತ್ತಿದ್ದಾಗ ಮೊಮ್ಮಗಳು ಮೌನವಾದಳು. ಅಜ್ಜಿ ಎಡಗಣ್ಣು ಮುಚ್ಚಿ, ತಲೆ ವಾಲಿಸಿ, ಸೂಜಿಯ ಕಣ್ಣನ್ನು ಉಗುರಿನಿಂದ ತಡವಿ ಹುಡುಕುತ್ತಿದ್ದರು. ಬೆರಳು ನಡುಗುತ್ತಲೇ ಇರಲಿಲ್ಲ! ಅವರು ಈಚೆಗೆ ಹಾಕಿದ ಮುರ್ಗಿಯ ಸಾಲಿನಲ್ಲಿ ಒಂದೆಳೆಯ ಲೆಕ್ಕವೂ ತಪ್ಪಿತ್ತು. ಐವತ್ತು ವರ್ಷಗಳಲ್ಲಿ ಬಾರದ ತಪ್ಪು ಅದು. ದಿನವೂ ಒಂದೇ ಮನೆಯಲ್ಲಿದ್ದವರಿಗೆ ಕಾಣದ್ದು ಪರದೆಯ ಮೇಲೆ ಕಂಡಿತು.

ಮೊಮ್ಮಗಳು ಪಕ್ಕದಲ್ಲಿ ಕುಳಿತು ಕೇಳಿದಳು: “ಆಯಿ, ಕಣ್ಣು ಮಂಜ ಆಗ್ಯಾವೇನು?”

ಬಹಳ ಹೊತ್ತಿನ ಮೇಲೆ ಉತ್ತರ ಬಂತು. “ವರ್ಷಾತು ತಂಗಿ. ದೀಪ ನೋಡಿದ್ರ ಸುತ್ತ ಬಳಿ ಹಾಕಿಧಂಗ ಕಾಣ್ತೈತಿ. ಪೂಜಾದಾಗ ಲಿಂಗಯ್ಯ ಹೊಗಿಯೊಳಗ ಇದ್ದಂಗ ಕಾಣ್ತಾನ. ಮೊದಮೊದಲ ಧೂಪದ ಹೊಗಿ ಅಂತಿದ್ದೆ. ಕಣ್ಣು ಹೋಗ್ಯಾವು ಅಂದ್ರ ನೀವೆಲ್ಲ ಸೂಜಿ ಕಸ್ಕೋತೀರಿ ಅಂತ ಹೇಳಲಿಲ್ಲ.”

ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಟ್ಟು ಪೂಜಿಸುವ ಭಕ್ತೆಗೆ ಆ ಲಿಂಗವೇ ಮಸುಕಾಗಿ ಕಂಡರೆ ಆಗುವ ಸಂಕಟ ಎಂಥದು! ಅದನ್ನು ಒಂದು ವರ್ಷ ಒಬ್ಬರೇ ನುಂಗಿಕೊಂಡಿದ್ದರು.

ಚಿತ್ರೀಕರಣವನ್ನು ಅಲ್ಲಿಗೇ ನಿಲ್ಲಿಸಿದೆವು. ನೇತ್ರವೈದ್ಯರು ಪರೀಕ್ಷಿಸಿ ಎರಡೂ ಕಣ್ಣುಗಳಲ್ಲಿ ಪೊರೆ ಇರುವುದನ್ನೂ, ಎಡಗಣ್ಣಿನಲ್ಲಿ ಅದು ಹೆಚ್ಚು ಬೆಳೆದಿರುವುದನ್ನೂ ತಿಳಿಸಿದರು. ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಇತ್ತ ಪ್ರಾಜೆಕ್ಟ್ ಸಲ್ಲಿಸುವ ದಿನ ಬಂದಾಗ ಚಿತ್ರ ಅರ್ಧದಲ್ಲಿತ್ತು. ಬೇರೆ ಯಾರದಾದರೂ ಕೈಗಳನ್ನು ತೋರಿಸಿ ಮುಗಿಸಬಹುದೆಂದು ಒಬ್ಬ ವಿದ್ಯಾರ್ಥಿ ಸೂಚಿಸಿದ. ಉಳಿದವರು ಒಪ್ಪಲಿಲ್ಲ. ಅಪೂರ್ಣ ಚಿತ್ರವನ್ನೇ ಸಲ್ಲಿಸಿ, ಕಡಿಮೆ ಅಂಕಗಳನ್ನು ಸ್ವೀಕರಿಸಿದರು.

ಪೊರೆಯ ಕುರಿತು ತಿಳಿಯಬೇಕಾದುದು

ಕಣ್ಣಿನ ಒಳಗಿರುವ ಪಾರದರ್ಶಕ ಮಸೂರವು ವಯಸ್ಸಾದಂತೆ ಮಬ್ಬಾಗುವುದೇ ಪೊರೆ. ಮಧುಮೇಹ, ಧೂಮಪಾನ, ದೀರ್ಘಕಾಲದ ಸ್ಟೀರಾಯ್ಡ್ ಬಳಕೆ, ಅತಿಯಾದ ಬಿಸಿಲು ಇವು ಅದನ್ನು ಬೇಗ ತರಬಲ್ಲವು. ದೃಷ್ಟಿ ಮಂಜಾಗುವುದು, ದೀಪದ ಸುತ್ತ ಬಳೆಯಂತೆ ಕಾಣುವುದು, ಪ್ರಖರ ಬೆಳಕು ಸಹಿಸಲಾಗದಿರುವುದು, ಬಣ್ಣಗಳು ಕಳೆಗುಂದುವುದು ಅದರ ಲಕ್ಷಣಗಳು. ನೋವಿಲ್ಲದ ಕಾರಣ ಜನರು ಕಡೆಗಣಿಸುತ್ತಾರೆ. ನಲವತ್ತರ ನಂತರ ಬರುವ ಚಾಳೀಸು ಕನ್ನಡಕದಿಂದ ಸರಿಹೋಗುತ್ತದೆ. ಬೆಳೆದ ಪೊರೆ ಕನ್ನಡಕದಿಂದಾಗಲಿ, ಕಣ್ಣಿಗೆ ಹಾಕುವ ಹನಿಗಳಿಂದಾಗಲಿ ಹೋಗುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೊಂದೇ ಪರಿಹಾರ.

ಮಬ್ಬಾದ ಮಸೂರದ ಸ್ಥಾನದಲ್ಲಿ ಕೃತಕ ಮಸೂರವನ್ನು ಇರಿಸುವ ವಿಧಾನವನ್ನು ಲಂಡನ್ನಿನಲ್ಲಿ 1949ರಲ್ಲಿ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಆರಂಭಿಸಿದರು. ಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣುಗಳಲ್ಲಿ ಹೊಕ್ಕ ಪ್ಲಾಸ್ಟಿಕ್ ಚೂರುಗಳನ್ನು ಕಣ್ಣು ಸಹಿಸಿಕೊಂಡದ್ದನ್ನು ಗಮನಿಸಿದ್ದೇ ಅವರಿಗೆ ದಾರಿ ತೋರಿತು. ನಮ್ಮ ನಾಡಿನಲ್ಲಿ ಹಳ್ಳಿ ಹಳ್ಳಿಗೂ ಉಚಿತ ನೇತ್ರ ಶಿಬಿರಗಳನ್ನು ಕೊಂಡೊಯ್ದು ಲಕ್ಷಾಂತರ ಜನರಿಗೆ ಬೆಳಕು ನೀಡಿದ ಡಾ. ಎಂ. ಸಿ. ಮೋದಿಯವರನ್ನು ಹಿರಿಯ ಓದುಗರು ಬಲ್ಲರು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಂದ ಗೌರವಿಸಲ್ಪಟ್ಟ ಆ ಮಹನೀಯರದು ನಿಜಾರ್ಥದ ದಾಸೋಹ.

ಆದರೂ ಕೆಲವು ತಪ್ಪು ಕಲ್ಪನೆಗಳು ಉಳಿದಿವೆ. “ಪೊರೆ ಹಣ್ಣಾಗಲಿ” ಎಂದು ಕಾಯಬೇಕಾಗಿಲ್ಲ. ನಿತ್ಯದ ಕೆಲಸಕ್ಕೆ ತೊಡಕಾದಾಗಲೇ ವೈದ್ಯರನ್ನು ಕಾಣಬೇಕು. ಅತಿಯಾಗಿ ಬಲಿತ ಪೊರೆ ಕಣ್ಣಿನ ಒತ್ತಡವನ್ನು ಹೆಚ್ಚಿಸಿ ಅಪಾಯ ತರಬಹುದು. ಚಳಿಗಾಲಕ್ಕಾಗಿ ಕಾಯುವುದೂ ಅನಗತ್ಯ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಕಣ್ಣಿಗೆ ನೀರು, ಹೊಗೆ, ಧೂಳು ತಾಗಬಾರದು. ಹಣೆಯ ವಿಭೂತಿಯ ಪುಡಿ ಕಣ್ಣಿಗೆ ಉದುರದಂತೆಯೂ ಎಚ್ಚರ ಬೇಕು.

ಯುವಕರ ದೇಹಕ್ಕೂ ಪಾಠ

ಚಿತ್ರದ ಸಂಕಲನಕ್ಕೆಂದು ವಿದ್ಯಾರ್ಥಿಗಳು ಮೂರು ರಾತ್ರಿ ಚಹಾ ಕುಡಿಯುತ್ತ ಎಚ್ಚರವಿದ್ದರು. ಕಣ್ಣು ಉರಿ, ಕುತ್ತಿಗೆ ನೋವು, ತಲೆಶೂಲೆ. ಮೂರನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಅರ್ಧ ದಿನದ ಧ್ವನಿಮುದ್ರಣವನ್ನೇ ಅಳಿಸಿಬಿಟ್ಟರು. ಈ ವಯಸ್ಸಿನವರಿಗೆ 7ರಿಂದ 9 ಗಂಟೆಗಳ ನಿದ್ರೆ ಬೇಕು. ಅದನ್ನು ಕದ್ದು ಮಾಡಿದ ಕೆಲಸ ಮರುದಿನ ಮತ್ತೆ ಮಾಡಬೇಕಾಗುತ್ತದೆ. ಅಂದಿನಿಂದ ರಾತ್ರಿ ಹತ್ತರ ನಂತರ ಕೆಲಸವಿಲ್ಲವೆಂಬ ನಿಯಮ ಮಾಡಿಕೊಂಡರು.

ಕಸೂತಿ, ಹೊಲಿಗೆ, ಚಿತ್ರಕಲೆ, ಓದು, ಮೊಬೈಲ್ ಎಲ್ಲಕ್ಕೂ ಅನ್ವಯಿಸುವ ಕೆಲವು ಕ್ರಮಗಳು ಇವು:

1. ಪ್ರತಿ 20 ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ, ಸುಮಾರು 20 ಅಡಿ ದೂರದ ಮರವನ್ನೋ ಗೋಡೆಯನ್ನೋ 20 ಸೆಕೆಂಡು ನೋಡಬೇಕು.

2. ನೆಟ್ಟ ನೋಟದಲ್ಲಿ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಬೇಕೆಂದೇ ರೆಪ್ಪೆ ಬಡಿಯಬೇಕು.

3. ಬೆಳಕು ಪಕ್ಕದಿಂದ ಅಥವಾ ಭುಜದ ಹಿಂದಿನಿಂದ ಕೆಲಸದ ಮೇಲೆ ಬೀಳಲಿ, ಕಣ್ಣಿಗೆ ಹೊಡೆಯದಿರಲಿ.

4. ತಲೆ ಬಗ್ಗಿಸುವ ಬದಲು ಬಟ್ಟೆಯನ್ನೋ ಪುಸ್ತಕವನ್ನೋ ಮೇಲೆತ್ತಿ ಹಿಡಿಯಬೇಕು.

5. ನಲವತ್ತು ದಾಟಿದವರು ಕಾಲಕಾಲಕ್ಕೆ, ಮಧುಮೇಹಿಗಳು ವರ್ಷಕ್ಕೊಮ್ಮೆ ತಪ್ಪದೆ ಕಣ್ಣು ತೋರಿಸಿಕೊಳ್ಳಬೇಕು.

ಕೊನೆಯ ದೃಶ್ಯ

ಎರಡು ತಿಂಗಳ ನಂತರ, ಹೊಸ ಕನ್ನಡಕ ಬಂದ ಮೇಲೆ, ಮತ್ತೆ ಧಾರವಾಡಕ್ಕೆ ಹೋದೆವು. ಈ ಸಲ ಫ್ಯಾನು ತಿರುಗುತ್ತಿತ್ತು. ಆ ತಾಯಿ ಸೂಜಿ ಹಿಡಿದು ಮೊದಲ ಯತ್ನದಲ್ಲೇ ದಾರ ಪೋಣಿಸಿದರು. ನೋಡುತ್ತ ಮೈಮರೆತ ವಿದ್ಯಾರ್ಥಿ ಮೊಬೈಲಿನ ಗುಂಡಿ ಒತ್ತಲು ಮರೆತಿದ್ದ! ಎಲ್ಲರೂ ನಕ್ಕರು. ಮತ್ತೊಮ್ಮೆ ಪೋಣಿಸಿರೆಂದು ಮಾತ್ರ ಯಾರೂ ಕೇಳಲಿಲ್ಲ. ಹೀಗಾಗಿ ಆ ದೃಶ್ಯ ಚಿತ್ರದಲ್ಲಿಲ್ಲ. ತಪ್ಪಿದ ಮುರ್ಗಿಯ ಸಾಲನ್ನು ಅವರು ಬಿಚ್ಚಿ ಮತ್ತೆ ಹಾಕುತ್ತಿರುವಲ್ಲಿಗೆ ಚಿತ್ರ ಮುಗಿಯುತ್ತದೆ.

ಹಿರಿಯರು ತಮ್ಮ ನೋವನ್ನು ತಾವಾಗಿ ಹೇಳುವುದು ವಿರಳ. ತಮಗೆ ಪ್ರಿಯವಾದುದನ್ನು ಕಸಿದುಕೊಂಡಾರೆಂಬ ಅಂಜಿಕೆ ಅವರಿಗಿರುತ್ತದೆ. ಆದ್ದರಿಂದ ಅವರು ಹೂ ಕಟ್ಟುವಾಗ, ಬತ್ತಿ ಹೊಸೆಯುವಾಗ, ಪೂಜೆಗೆ ಕುಳಿತಾಗ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡೋಣ. ಕ್ಯಾಮೆರಾ ಬೇಕಾಗಿಲ್ಲ, ಅಕ್ಕರೆಯಿಂದ ನೋಡುವ ಕಣ್ಣುಗಳಿದ್ದರೆ ಸಾಕು.