ಔಷಧದ ಜಾಹೀರಾತು ಮತ್ತು ಕಾನೂನಿನ ಕಾವಲು

ಕಳೆದ ಮಳೆಗಾಲದಲ್ಲಿ ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರರೊಬ್ಬರು ಕಾಲಿನ ಹುಣ್ಣನ್ನು ತೋರಿಸಲು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹನ್ನೊಂದು ವರ್ಷಗಳಿಂದ ಮಧುಮೇಹವಿದ್ದವರು. ಶಿವಮೊಗ್ಗದ ವೈದ್ಯರು ಬರೆದುಕೊಟ್ಟ ಮಾತ್ರೆ, ಪಥ್ಯ, ಜೊತೆಗೆ ನಾನು ಕೊಡುತ್ತಿದ್ದ ಕಷಾಯ ಇವುಗಳಿಂದ ರೋಗ ಒಂದು ಹದದಲ್ಲಿತ್ತು. ನಾಲ್ಕು ತಿಂಗಳ ಹಿಂದೆ ಪತ್ರಿಕೆಯೊಂದರೊಳಗೆ ಇಟ್ಟು ಬಂದ ಕರಪತ್ರವನ್ನು ನೋಡಿ, ‘ಮಧುಮೇಹಕ್ಕೆ ತೊಂಬತ್ತು ದಿನಗಳಲ್ಲಿ ವಿದಾಯ’ ಎಂಬ ಮಾತನ್ನು ನಂಬಿ, ಅಂಚೆಯಲ್ಲಿ ಪುಡಿ ತರಿಸಿಕೊಂಡು, ಮಾತ್ರೆಗಳನ್ನು ಪೂರ್ತಿ ಬಿಟ್ಟಿದ್ದರು. ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಏಕೆ ನಂಬಿದಿರಿ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: “ಪೇಪರ್‌ನಾಗೆ ಬಂದೈತಲ್ಲ ಡಾಕ್ಟ್ರೇ, ಸುಳ್ಳಾಗಿದ್ರೆ ಗೌರ್ಮೆಂಟ್‌ನೋರು ಬಿಡ್ತಿದ್ರಾ?”

ಈ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರಿಸಲಿಲ್ಲ. ಸದ್ಭಕ್ತ ಓದುಗರಲ್ಲಿ ಅನೇಕರ ಮನಸ್ಸಿನಲ್ಲಿಯೂ ಇದೇ ಎಣಿಕೆ ಇರುವುದರಿಂದ ಇಲ್ಲಿ ಉತ್ತರಿಸುತ್ತೇನೆ. ಅಚ್ಚಾಗುವ ಮೊದಲು ಆ ಕರಪತ್ರವನ್ನು ಸರ್ಕಾರದ ಯಾವ ಅಧಿಕಾರಿಯೂ ಓದಿರುವುದಿಲ್ಲ. ಕಾನೂನು ಇದೆ, ಅದು ಬಿಗಿಯಾಗಿಯೂ ಇದೆ. ಆದರೆ ಅದು ಎಚ್ಚರಗೊಳ್ಳುವುದು ಬಹುಮಟ್ಟಿಗೆ ಯಾರಾದರೂ ದೂರು ಕೊಟ್ಟ ಮೇಲೆಯೇ.

ಈ ವಿಷಯದ ಮುಖ್ಯ ಕಾನೂನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಇದರ ಅನುಸೂಚಿಯಲ್ಲಿ 54 ರೋಗಗಳ ಮತ್ತು ಸ್ಥಿತಿಗಳ ಪಟ್ಟಿ ಇದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯು, ಅಪಸ್ಮಾರ, ಕಣ್ಣಿನ ಪೊರೆ, ತೊನ್ನು, ಮೂತ್ರಪಿಂಡದ ಕಲ್ಲು, ಸಂಧಿವಾತ, ಬೊಜ್ಜು, ಸ್ತ್ರೀಯರ ಸಂತಾನಹೀನತೆ, ಪುರುಷರ ಲೈಂಗಿಕ ದೌರ್ಬಲ್ಯ ಎಲ್ಲವೂ ಅದರಲ್ಲಿವೆ. ಮನುಷ್ಯನ ಎತ್ತರವೂ ಇದೆ! ಇವುಗಳನ್ನು ಗುಣಪಡಿಸುವ, ಶಮನಗೊಳಿಸುವ ಅಥವಾ ತಡೆಗಟ್ಟುವ ಔಷಧವೆಂದು ಜನಸಾಮಾನ್ಯರಿಗೆ ಜಾಹೀರಾತು ಕೊಡುವುದೇ ಅಪರಾಧ. ಔಷಧದಲ್ಲಿ ಗುಣವಿದೆಯೇ ಇಲ್ಲವೇ ಎಂಬ ಪ್ರಶ್ನೆ ಇಲ್ಲಿ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಇಂತಹ ರೋಗಗಳಲ್ಲಿ ರೋಗಿ ತಾನೇ ನಿದಾನ ಮಾಡಿಕೊಂಡು ತಾನೇ ಔಷಧ ಆರಿಸಿಕೊಂಡರೆ ಅನಾಹುತವಾಗುತ್ತದೆ ಎಂಬುದೇ ಕಾಯ್ದೆಯ ತರ್ಕ. ತಾಯತ, ಕವಚ, ಮಂತ್ರಗಳಿಂದ ರೋಗ ವಾಸಿಯೆಂಬ ಪ್ರಚಾರಕ್ಕೂ ಇದೇ ಕಾಯ್ದೆಯಲ್ಲಿ ನಿಷೇಧವಿದೆ.

‘ಜಾಹೀರಾತು’ ಎಂಬ ಪದದ ವ್ಯಾಪ್ತಿಯೂ ದೊಡ್ಡದು. ಕರಪತ್ರ, ಸೀಸೆಯ ಚೀಟಿ, ಹೊದಿಕೆಯ ಕಾಗದ, ಬಾಯಿಮಾತಿನ ಘೋಷಣೆ, ಬೆಳಕು, ಶಬ್ದ, ಹೊಗೆಯ ಮೂಲಕ ಮಾಡುವ ಪ್ರಚಾರ ಎಲ್ಲವೂ ಅದರಲ್ಲಿ ಸೇರಿವೆ. ಹೊಗೆಯಲ್ಲಿ ಜಾಹೀರಾತು ಬರೆದವರನ್ನು ನಾನು ಕಂಡಿಲ್ಲ. ಆದರೆ ಜಾತ್ರೆಯ ಬಯಲಿನಲ್ಲಿ, ಸಂತೆಯ ಮೂಲೆಯಲ್ಲಿ ಮೈಕು ಹಿಡಿದು ಕೂಗುವವರನ್ನು ನಾವೆಲ್ಲರೂ ಕಂಡಿದ್ದೇವೆ. ಅದೂ ಜಾಹೀರಾತೇ. ಅಷ್ಟೇ ಅಲ್ಲ, ಅದನ್ನು ಅಚ್ಚು ಹಾಕಿಕೊಟ್ಟವರೂ ಪ್ರಕಟಣೆಯಲ್ಲಿ ಪಾಲುದಾರರೆಂದು ಕಾಯ್ದೆ ಹೇಳುತ್ತದೆ. ಕಡೂರು, ತರೀಕೆರೆಗಳ ಮುದ್ರಣಾಲಯ ಹಾಗೂ ಫ್ಲೆಕ್ಸ್ ಅಂಗಡಿಗಳ ಮಾಲೀಕರು, ಉತ್ಸವಗಳ ಸ್ಮರಣ ಸಂಚಿಕೆಗೆ ಜಾಹೀರಾತು ಸಂಗ್ರಹಿಸುವ ಸಮಿತಿಯವರು ಇದನ್ನು ತಿಳಿದಿರಬೇಕು. ನೋಂದಾಯಿತ ವೈದ್ಯನು ಇಂತಹ ರೋಗಕ್ಕೆ ಇಲ್ಲಿ ಚಿಕಿತ್ಸೆ ಉಂಟೆಂದು ತನ್ನ ಚಿಕಿತ್ಸಾಲಯದಲ್ಲಿ ಫಲಕ ಹಾಕಿಕೊಳ್ಳುವುದಕ್ಕೆ ವಿನಾಯಿತಿ ಇದೆ.

ಈ ಕಾಯ್ದೆ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ದೆಹಲಿಯ ಹಮ್‌ದರ್ದ್ ದವಾಖಾನಾ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಒಂದೆರಡು ಭಾಗಗಳನ್ನು ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು.

ಆಯುರ್ವೇದದ ವೈದ್ಯನಾಗಿ ನನಗೆ ಹೆಚ್ಚು ನೋವು ಕೊಡುವುದು ಇಂತಹ ಜಾಹೀರಾತುಗಳು ನಮ್ಮ ಶಾಸ್ತ್ರದ ಹೆಸರಿನಲ್ಲಿಯೇ ಬರುತ್ತಿರುವುದು. ಚರಕ ಸಂಹಿತೆಯ ಸೂತ್ರಸ್ಥಾನವು ವೈದ್ಯರನ್ನು ಪ್ರಾಣಾಭಿಸರ, ರೋಗಾಭಿಸರ ಎಂದು ಎರಡಾಗಿ ವಿಂಗಡಿಸುತ್ತದೆ. ಎರಡನೆಯ ಬಗೆಯವರು ಯಾರಿಗಾದರೂ ಕಾಯಿಲೆಯೆಂದು ಕೇಳಿದ ಕೂಡಲೇ ಅಲ್ಲಿಗೆ ಓಡಿ, ತಮ್ಮ ಗುಣವನ್ನು ತಾವೇ ಹೊಗಳಿಕೊಂಡು, ಚಿಕಿತ್ಸೆ ನೀಡುತ್ತಿರುವ ವೈದ್ಯನಲ್ಲಿ ದೋಷ ಹುಡುಕುತ್ತಾರೆಂದು ಅಲ್ಲಿ ವರ್ಣಿಸಲಾಗಿದೆ. ಇಂದಿನ ಯೂಟ್ಯೂಬ್ ಪ್ರಚಾರಕ್ಕೆ ಇದಕ್ಕಿಂತ ಒಳ್ಳೆಯ ವರ್ಣನೆ ಬೇಕಿಲ್ಲ. ಅದೇ ಚರಕರು ಪ್ರಮೇಹಗಳಲ್ಲಿ ಕಫಜವನ್ನು ಸಾಧ್ಯ, ಪಿತ್ತಜವನ್ನು ಯಾಪ್ಯ ಎಂದೂ, ಮಧುಮೇಹವು ಸೇರುವ ವಾತಜವನ್ನು ಅಸಾಧ್ಯ ಎಂದೂ ಹೇಳಿದ್ದಾರೆ. ಹೀಗಿರುವಾಗ ‘ಬುಡಸಮೇತ ವಾಸಿ’ ಎಂಬುದು ಯಾವ ಆಯುರ್ವೇದ?

ಜಾಹೀರಾತು ಹೊರಬೀಳುವ ಮೊದಲೇ ಪರಿಶೀಲಿಸುವ ಒಂದು ಏರ್ಪಾಡು ಸ್ವಲ್ಪ ಕಾಲ ಕಾನೂನಿನಲ್ಲಿತ್ತು. 2018ರ ಡಿಸೆಂಬರ್‌ನಲ್ಲಿ ಔಷಧ ನಿಯಮಗಳಿಗೆ 170ನೇ ನಿಯಮವನ್ನು ಸೇರಿಸಿ, ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ತಯಾರಕರು ರಾಜ್ಯದ ಪರವಾನಗಿ ಅಧಿಕಾರಿಯ ಒಪ್ಪಿಗೆ ಪಡೆದೇ ಜಾಹೀರಾತು ಕೊಡಬೇಕೆಂದು ವಿಧಿಸಲಾಯಿತು. ಭಾರತೀಯ ವೈದ್ಯಕೀಯ ಸಂಘವು 2022ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಪತಂಜಲಿ ಸಂಸ್ಥೆಯು 2024ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಅದೇ ವರ್ಷ ಜುಲೈ 1ರಂದು ಕೇಂದ್ರ ಆಯುಷ್ ಸಚಿವಾಲಯ 170ನೇ ನಿಯಮವನ್ನೇ ತೆಗೆದುಹಾಕಿತು. ನ್ಯಾಯಾಲಯ ಆಗಸ್ಟ್‌ನಲ್ಲಿ ಅದಕ್ಕೆ ತಡೆ ನೀಡಿತ್ತಾದರೂ, 2025ರ ಆಗಸ್ಟ್‌ನಲ್ಲಿ ಪ್ರಕರಣ ಮುಕ್ತಾಯಗೊಂಡು ತಡೆಯೂ ತೆರವಾಯಿತು. ನಿಯಮ ಉಳಿಯಬೇಕಿತ್ತೆಂಬುದು ನನ್ನ ಅಭಿಪ್ರಾಯ. ಪ್ರಾಮಾಣಿಕ ತಯಾರಕನಿಗೆ ಅದರಿಂದ ನಷ್ಟವಿರಲಿಲ್ಲ.

ಆದ್ದರಿಂದ ಈಗ ಕಾವಲು ನಮ್ಮ ಕೈಗೆ ಬಂದಿದೆ. ಸೀಸೆಯ ಮೇಲೆ ‘ಆಯುಷ್ ಸಚಿವಾಲಯದಿಂದ ಅನುಮೋದಿತ’ ಎಂದಿದ್ದರೆ ಅಲ್ಲಿಯೇ ಸಂಶಯಪಡಿರಿ. ಸಚಿವಾಲಯ ಯಾವ ಕಂಪನಿಯ ಔಷಧವನ್ನೂ ಅನುಮೋದಿಸುವುದಿಲ್ಲ. ತಯಾರಿಕೆಯ ಪರವಾನಗಿ ನೀಡುವುದು ರಾಜ್ಯದ ಅಧಿಕಾರಿ. ಔಷಧ ಪರವಾನಗಿಯ ಸಂಖ್ಯೆಗೆ ಬದಲಾಗಿ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಸಂಖ್ಯೆ ಮಾತ್ರ ಇದ್ದರೆ ಅದು ಆಹಾರ ಪದಾರ್ಥ. ಆಹಾರಕ್ಕೆ ರೋಗ ಗುಣಪಡಿಸುವ ಶಕ್ತಿಯನ್ನು ಹೇಳಿಕೊಳ್ಳುವ ಹಕ್ಕಿಲ್ಲ. ಮಂಡಿನೋವಿನ ಪುಡಿ ಎರಡೇ ದಿನದಲ್ಲಿ ನೋವನ್ನು ಮಾಯ ಮಾಡಿದರೆ ಸಂತೋಷಕ್ಕಿಂತ ಅನುಮಾನ ಹೆಚ್ಚಾಗಲಿ. ಸ್ಟೆರಾಯ್ಡ್ ಬೆರೆಸಿದ ಪುಡಿಗಳು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿವೆ. ಮುಖ ಊದಿಕೊಳ್ಳುವುದು, ಸಕ್ಕರೆ ಏರುವುದು ಅದರ ಕುರುಹು. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸುವುದೂ ಅಪಾಯ. ಪುಡಿಯನ್ನೇ ಹಿಡಿದುಕೊಂಡು ವೈದ್ಯರ ಬಳಿಗೆ ಬನ್ನಿರಿ.

ದೂರು ಕೊಡುವುದು ಕಷ್ಟವಲ್ಲ. ಚಿಕ್ಕಮಗಳೂರಿನ ಜಿಲ್ಲಾ ಆಯುಷ್ ಅಧಿಕಾರಿಗೆ ಕನ್ನಡದಲ್ಲಿಯೇ ಬರೆಯಬಹುದು. 2025ರಲ್ಲಿ ಆರಂಭವಾದ ಆಯುಷ್ ಸುರಕ್ಷಾ ಜಾಲತಾಣವೂ ಇದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಹಣ ಪಡೆದು ಹೊಗಳಿದ ನಟನಟಿಯರೂ ಹೊಣೆಗಾರರು. ಸ್ವಂತ ನಷ್ಟಕ್ಕೆ ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಮಾರಿದವನು ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನಡೆಯುತ್ತದೆ.

ಇವೆಲ್ಲಕ್ಕೂ ಆಧಾರ ಬೇಕು. ನಮ್ಮ ಈರುಳ್ಳಿ ಬೆಳೆಗಾರರಲ್ಲಿ ಅದು ಇರಲಿಲ್ಲ. ಕರಪತ್ರವನ್ನು ಒಲೆಗೆ ಹಾಕಿದ್ದರು, ಡಬ್ಬಿಯಲ್ಲಿ ಮನೆಯವರು ಸಾಸಿವೆ ತುಂಬಿಟ್ಟಿದ್ದರು, ರಸೀದಿಯನ್ನು ಅಂಚೆಯವನಿಂದ ಕೇಳಿ ಪಡೆದಿರಲಿಲ್ಲ. ದೂರು ಬರೆಯಲು ಕುಳಿತ ನನಗೆ ಕಂಪನಿಯ ಪೂರ್ತಿ ಹೆಸರೂ ಸಿಗಲಿಲ್ಲ. ಕರಪತ್ರ, ಡಬ್ಬಿ, ಹಣ ಕಳಿಸಿದ ಚೀಟಿ, ಮೊಬೈಲಿಗೆ ಬಂದ ವಿಡಿಯೊ ಇಷ್ಟನ್ನು ಎತ್ತಿಟ್ಟು ತಂದುಕೊಡಿ. ಅರ್ಜಿ ಬರೆಯಲು ಬಾರದವರಿಗೆ ನಾನೇ ಬರೆದುಕೊಡುತ್ತೇನೆ.